ನಡುಮನೇಲಿ ಕೇಳುಸ್ತಾ?

ಬೆಳಕವಾಡಿ
26 ಅಕ್ಟೋಬರ್ 2024

ಪ್ರೀತೂ,

ಫೋನಿನಲ್ಲಿ ನಿನಗೆ ಕೊಡುವ ಹೊತ್ತೆಲ್ಲ ನಾನು ಅಳುವುದಕ್ಕೇ ಮುಗಿದುಹೋಗುತ್ತದೆ. ನಿನ್ನ ಹಿಂದೆ ನಿಂತವನು ಬೇಗ ಮುಗಿಸು ಅನ್ನುವುದೂ ನನಗೆ ಕೇಳಿಸುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನಿನಗಿಂತ ಮೊದಲು ಒಡೆದು ಓದುವ ಸಾಹೇಬರಿಗೂ ನಮಸ್ಕಾರ. ಅಕ್ಷರ ಚೆನ್ನಾಗಿಲ್ಲ ಎಂದು ಬೈದುಕೊಳ್ಳದಿರಲಿ. ಡೈರಿಯ ಸೆಕ್ರೆಟರಿ ಆದಮೇಲೆ ನಾನು ಬರೆದದ್ದೆಲ್ಲ ಲೀಟರು, ಫ್ಯಾಟು ಅಷ್ಟೇ.

ನಿಮ್ಮಪ್ಪ ಹೋದ ಸುದ್ದಿಯನ್ನು ಅಲ್ಲಿಯವರು ಹೇಳಿದ್ದಾರೆ, ಗೊತ್ತು. ಹೇಗೆ ಎಂದು ಯಾರೂ ಹೇಳಿರುವುದಿಲ್ಲ. ನೀನು ಜೈಲಿಗೆ ಹೋದಾಗಿನಿಂದ ಅವರು ಹಿಂದುಗಡೆಯ ನಿನ್ನ ಕೋಣೆಯಲ್ಲೇ ಮಲಗುತ್ತಿದ್ದರು. ನಡುಮನೆಯಲ್ಲಿ ಸೆಕೆ ಅನ್ನುವುದು ನೆಪ. ಭಾನುವಾರ ಬೆಳಿಗ್ಗೆ ಡೈರಿಗೆ ಹೊರಡುವ ಮುಂಚೆ ಕಾಫಿ ಕೊಡಲು ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸಂಕಟಪಟ್ಟ ಗುರುತೇ ಇರಲಿಲ್ಲ. ಮಳವಳ್ಳಿ, ಮದ್ದೂರು, ಮಂಡ್ಯ ಎಂದು ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ ಕೊನೆಗೆ ಒಂದು ಹಾರನ್ನೂ ಮಾಡದೆ ಹೊರಟುಬಿಟ್ಟರು.

ನಿನ್ನ ಪೆರೋಲಿನ ಕಾಗದ ಮಾರನೆಯ ದಿನ ಬಂತು. ಮಣ್ಣು ಮಾಡುವುದಕ್ಕೆ ನಿನ್ನನ್ನು ಕಾಯಲಿಲ್ಲವೆಂದು ಮಾದಯ್ಯ ದೊಡ್ಡಪ್ಪನ ಮೇಲೆ ಸಿಟ್ಟಾಗಬೇಡ. ನಿನ್ನ ಬದಲು ಮೊದಲ ಹಿಡಿ ಹಾಕಿದವರು ಅವರೇ. ಹಾಕುವಾಗ ತಮ್ಮನನ್ನು ಬೈದುಕೊಂಡೇ ಹಾಕಿದರು, ನನಗಿಂತ ಮೊದಲು ಹೋದೆಯಲ್ಲೋ ಎಂದು.

ಧನಿಷ್ಠಾ ನಕ್ಷತ್ರವಂತೆ, ಕೆಟ್ಟದ್ದಂತೆ. ಆರು ತಿಂಗಳು ಮನೆಯನ್ನೇ ಬಿಡಬೇಕು ಎಂದು ಐನೋರು ಹೇಳಿದರು. ಹಸು ಹೊಡೆದುಕೊಂಡು, ಡೈರಿಯ ಬೀಗದ ಕೈ ಹಿಡಿದುಕೊಂಡು ನಾನೆಲ್ಲಿಗೆ ಹೋಗಲಿ? ಆಗುವುದಿಲ್ಲ ಎಂದು ಕೂತುಬಿಟ್ಟೆ. ಜೀವ ಹೋದ ಕೋಣೆಯನ್ನಾದರೂ ಮುಚ್ಚಿ ಎಂದು ಕೊನೆಗೆ ರಾಜಿಯಾಯಿತು. ಹಿಂದಿನ ಕೋಣೆಗೆ ಬೀಗ ಹಾಕಿ ಬಾಗಿಲಿಗೆ ಅಡ್ಡಲಾಗಿ ಜಾಲಿಮುಳ್ಳು ಕಟ್ಟಿದ್ದಾರೆ. ಏಪ್ರಿಲ್‌ವರೆಗೆ ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ನಿನ್ನ ಹಾಡಿನ ಪೆಟ್ಟಿಗೆ, ಅವರ ಹಾಸಿಗೆ, ಕನ್ನಡಕ ಎಲ್ಲ ಒಳಗೇ ಇವೆ.

ಒಂದು ಮಾತು ಕೇಳುತ್ತೇನೆ, ಸುಳ್ಳು ಹೇಳಬೇಡ. ಆ ಭಾನುವಾರ ಸಂಜೆ ಆರು ಗಂಟೆಗೆ ನೀನು ಏನು ಮಾಡುತ್ತಿದ್ದೆ? ಜ್ವರ ಬಂದಿತ್ತಾ? ಯಾರಾದರೂ ಹೊಡೆದರಾ? ಜ್ಞಾನ ತಪ್ಪಿ ಬಿದ್ದಿದ್ದೆಯಾ? ಬೇಗ ಬರಿ.

ನಿನ್ನ ಅವ್ವ,
ನಾಗರತ್ನ


ಮೈಸೂರು ಜೈಲು
8 ನವೆಂಬರ್ 2024

ಅವ್ವಾ,

ನನಗೆ ಏನೂ ಆಗಿಲ್ಲ. ಆ ಸಂಜೆ ಬ್ಯಾರಕ್ಕಿನ ಗೋಡೆಗೆ ಒರಗಿಕೊಂಡು ಕೂತಿದ್ದೆ. ಊಟ ಮಾಡಲಿಲ್ಲ. ಪಕ್ಕದವರು ಒಂದಿಷ್ಟು ಹೊತ್ತು ಮಾತಾಡಿಸಿ ಸುಮ್ಮನಾದರು. ಜ್ವರವಿಲ್ಲ, ಹೊಡೆತವಿಲ್ಲ. ನೀನು ಹೀಗೇಕೆ ಕೇಳುತ್ತಿದ್ದೀಯ? ಓದಿದಾಗಿನಿಂದ ನನಗೇ ಹೆದರಿಕೆಯಾಗಿದೆ.

ನಾನೂ ಒಂದು ಮಾತು ಕೇಳುತ್ತೇನೆ. ನೀನೂ ಸುಳ್ಳು ಹೇಳಬೇಡ. ಅಪ್ಪ ನನ್ನ ಹೆಸರು ಎತ್ತಿದರಾ? ಈ ಎರಡು ವರ್ಷದಲ್ಲಿ ಒಂದು ಸಲವಾದರೂ?

ಮಳವಳ್ಳಿ ರಸ್ತೆಯಲ್ಲಿ ಪಟ್ಟಲಮ್ಮನಿಗೆ ನಾನು ಓಡಿಸುತ್ತಿದ್ದ ಗಾಡಿ ತಗುಲಿದ ಮೇಲೂ ನಾನು ನಿಲ್ಲಿಸದೆ ಬಂದೆನೆಂದು ಗೊತ್ತಾದಾಗ ಅಪ್ಪ ನನಗೆ ಹೊಡೆಯಲಿಲ್ಲ. ರಟ್ಟೆ ಹಿಡಿದು ಸ್ಟೇಷನ್ನಿಗೆ ನಡೆಸಿಕೊಂಡು ಹೋದರು. ದಾರಿಯುದ್ದಕ್ಕೂ ಒಂದೇ ಮಾತು, "ನಿಲ್ಸ್‌ಬೇಕಿತ್ತು ಕಣ್ಲಾ." ಅದೇ ನಾನು ಕೇಳಿದ ಅವರ ಕೊನೆಯ ಮಾತು. ಕೋರ್ಟಿಗೆ ಬಂದರೂ ಆಚೆ ಬೇವಿನ ಮರದ ಕೆಳಗೆ ನಿಂತಿರುತ್ತಿದ್ದರು. ವ್ಯಾನು ಹತ್ತುವಾಗ ನಾನು ನೋಡಿದರೆ ಅವರು ರಸ್ತೆ ನೋಡುತ್ತಿದ್ದರು. ಒಂದು ದಿನವೂ ಇಲ್ಲಿಗೆ ಬರಲಿಲ್ಲ.

ಅಪ್ಪ ಮಾಡಿದ್ದು ತಪ್ಪು ಅನ್ನುತ್ತಿಲ್ಲ. ಅವರ ಚಕ್ರಕ್ಕೆ ಒಂದು ಕೋಳಿಯೂ ಸಿಕ್ಕಿರಲಿಲ್ಲ ಎಂದು ಊರೇ ಹೇಳುತ್ತದೆ. ಆದರೆ ನಾನು ಹೊರಗೆ ಬರುವ ದಿನ ಗೇಟಿನ ಹತ್ತಿರ ನಿಂತಿರುತ್ತಾರೆ ಎಂದುಕೊಂಡಿದ್ದೆ. ಬೈಯಲಿಕ್ಕಾದರೂ ನಿಂತಿರುತ್ತಾರೆ ಎಂದು. ಈಗ ಅದೂ ಹೋಯಿತು. ನನ್ನ ಮೇಲಿನ ಸಿಟ್ಟನ್ನು ಹಾಗೇ ಹೊತ್ತುಕೊಂಡು ಹೋದರಾ, ಇಳಿಸಿ ಹೋದರಾ, ಅದೊಂದು ಗೊತ್ತಾದರೆ ಸಾಕು ನನಗೆ.

ಪ್ರೀತಂ


ಬೆಳಕವಾಡಿ
17 ನವೆಂಬರ್ 2024

ಪ್ರೀತೂ,

ಹೆಸರು ಎತ್ತಲಿಲ್ಲ. ನಾನು ಎತ್ತಿದರೆ ತಟ್ಟೆಯಲ್ಲಿ ಕೈ ತೊಳೆದು ಎದ್ದುಬಿಡುತ್ತಿದ್ದರು. ಅವರ ಕಣ್ಣು ತಪ್ಪಿಸಿ ಹಸುವಿನ ಕೊಟ್ಟಿಗೆಯಲ್ಲಿ ನಿಂತು ಅತ್ತುಕೊಂಡು ಬರುತ್ತಿದ್ದೆ. ನಿನಗೆ ಸಮಾಧಾನವಾಗಲಿ ಎಂದು ಬೇರೆ ಹೇಳಬಹುದಿತ್ತು. ಹಾಲಿಗೆ ನೀರು ಬೆರೆಸುವವರನ್ನು ದಿನಾ ಬೈಯುವ ನಾನು ನಿನಗೆ ನೀರು ಬೆರೆಸಿ ಕೊಡಲಾರೆ.

ಈಗ ನಾನು ಯಾಕೆ ಕೇಳಿದೆ ಎಂದು ಹೇಳುತ್ತೇನೆ. ಜೊತೆಯಲ್ಲಿ ಯಾರಾದರೂ ಇರುವಾಗ ಓದು.

ಆ ಭಾನುವಾರ ಮಣ್ಣು ಮಾಡಿ ಎಲ್ಲರೂ ವಾಪಸು ಬಂದಿದ್ದರು. ದೀಪ ನೋಡಿ ಹೋಗಬೇಕಲ್ಲ, ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು. ನಾನು ನಡುಮನೆಯ ಮೂಲೆಯಲ್ಲಿ ಕೂತಿದ್ದೆ. ಹಿಂದಿನ ಕೋಣೆಗೆ ಆಗಲೇ ಬೀಗ ಬಿದ್ದಿತ್ತು. ಆಗ ಕಿಟಕಿಯ ಪಕ್ಕದ ನಿನ್ನ ಎಡಗಡೆಯ ಸ್ಪೀಕರಿನಿಂದ ದನಿ ಬಂತು. "ಅಪ್ಪಾ, ನಡುಮನೇಲಿ ಕೇಳುಸ್ತಾ?"

ನಿನ್ನ ದನಿ. ಎದುರಿಗೆ ನಿಂತು ಕೇಳಿದಷ್ಟು ಚೆನ್ನಾಗಿ. ದೊಡ್ಡಪ್ಪನ ಕೈಯಿಂದ ಚೊಂಬು ಬಿತ್ತು. ದೊಡ್ಡವ್ವ ಒದ್ದೆ ಕಾಲಿನಲ್ಲೇ ಬೀದಿಗೆ ಓಡಿದಳು. ದನಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಏನೋ ಕೇಳಿತು. ನಾನು ಕಿವಿ ಮುಚ್ಚಿಕೊಂಡೆ.

ಮಾರನೆಯ ದಿನವೂ ಆರು ಗಂಟೆಗೆ ಬಂತು. ಅದರ ಮಾರನೆಯ ದಿನವೂ. ಇಷ್ಟು ವರ್ಷ ಸಂಜೆ ಹೊತ್ತು ನಾನು ಮನೆಯಲ್ಲಿ ಇದ್ದದ್ದೇ ಇಲ್ಲ, ಡೈರಿಯಲ್ಲಿರುತ್ತೇನೆ. ಸೂತಕವೆಂದು ಮನೆಯಲ್ಲಿ ಕೂತಿದ್ದಕ್ಕೆ ಇದು ಕಿವಿಗೆ ಬಿತ್ತು. ದೊಡ್ಡವ್ವ ಹೇಳುತ್ತಾಳೆ, "ಬದ್ಕಿರೋನ ದನಿ ಸತ್ತೋರ್ ಕ್ವಾಣೆಯಿಂದ ಬರಬಾರ್ದು ಕಣೇ ನಾಗೂ. ಅಪ್ಪ ಮಗನ್ನ ಕರೀತಾವ್ನೆ." ಅವಳ ಬಾಯಿಗೆ ಬೀಗ ಹಾಕುವವರು ಯಾರು? ನಾನು ನಂಬುವುದಿಲ್ಲ. ನಂಬದೆ ಇರುವುದಕ್ಕೂ ಆಗುತ್ತಿಲ್ಲ. ಐನೋರ ಕೈಯಲ್ಲಿ ಒಂದು ಯಂತ್ರ ಬರೆಸಿ ಕಳಿಸಲೇನು? ಕಟ್ಟಿಕೊಳ್ಳಲು ಬಿಡುತ್ತಾರಾ ಅಲ್ಲಿ?

ನಿನ್ನ ಅವ್ವ


ಮೈಸೂರು ಜೈಲು
30 ನವೆಂಬರ್ 2024

ಅವ್ವಾ,

ಯಂತ್ರ ಬೇಡ. ದೊಡ್ಡವ್ವನಿಗೂ ಹೇಳು, ನನ್ನನ್ನು ಯಾರೂ ಕರೆಯುತ್ತಿಲ್ಲ. ಅದು ನನ್ನದೇ ದನಿ, ಆದರೆ ಎರಡು ವರ್ಷದ ಹಿಂದಿನದು.

ನಾನು ಒಂದೇ ಸಾಮಾನನ್ನು ಎರಡು ಕಡೆ ಯಾಕೆ ಇಡುತ್ತೇನೆ ಎಂದು ನೀನು ಆಗ ನಗುತ್ತಿದ್ದೆ, ನೆನಪಿದೆಯಾ? ಹಾಡೆಲ್ಲ ಇರುವ ಪೆಟ್ಟಿಗೆಯೊಳಗೆ ಒಂದು ಸಣ್ಣ ಫ್ಯಾನು ಗುಂಯ್‌ಗುಡುತ್ತಿರುತ್ತದೆ. ಅದು ಕೇಳುವ ಜಾಗದಲ್ಲೇ ಇದ್ದರೆ ಹಾಡಿನ ನಡುವಿನ ಮೌನ ಕೆಡುತ್ತದೆ. ಅದಕ್ಕೇ ಅದನ್ನು ಹಿಂದಿನ ಕೋಣೆಯಲ್ಲಿಟ್ಟು ಗೋಡೆ ಕೊರೆದು ಒಂದು ಕೇಬಲ್ಲನ್ನು ನಡುಮನೆಗೆ ತಂದೆ. ಗೋಡೆ ತೂತು ಮಾಡಿದ್ದಕ್ಕೆ ಅಪ್ಪ ವಾರವೆಲ್ಲ ಬೈದಿದ್ದರು. ಪೆಟ್ಟಿಗೆಯಲ್ಲಿರುವುದು ಬರೀ ಅಂಕಿಗಳು, ಅವ್ವ. ಕೇಬಲ್ಲಿನಲ್ಲಿ ಬರುವುದೂ ಅಂಕಿಗಳೇ. ನಡುಮನೆಯ ಕಪಾಟಿನಲ್ಲಿರುವ ಕರಿ ಡಬ್ಬಿ ಅದನ್ನು ದನಿ ಮಾಡುತ್ತದೆ, ಆಂಪ್ಲಿಫೈಯರು ದೊಡ್ಡದು ಮಾಡುತ್ತದೆ. ಆ ಕೋಣೆಗೆ ಬೀಗ ಹಾಕಿದರೂ ಮುಳ್ಳು ಕಟ್ಟಿದರೂ ಕರೆಂಟು ಇರುವ ತನಕ ಅದು ತನ್ನ ಕೆಲಸ ಮಾಡುತ್ತಿರುತ್ತದೆ.

ಆ ಮಾತು ನಾನು ಎಲ್ಲ ಜೋಡಿಸಿ ಪರೀಕ್ಷಿಸಿದ ದಿನದ್ದು. ನಾನು ಹಿಂದಿನ ಕೋಣೆಯಲ್ಲಿ ಮೈಕು ಹಿಡಿದು ಕೇಳುತ್ತಿದ್ದೆ, ಅಪ್ಪ ನಡುಮನೆಯಲ್ಲಿ ಕೂತು ಉತ್ತರ ಕೊಡುತ್ತಿದ್ದರು. ನನ್ನ ದನಿಯನ್ನು ಮಾತ್ರ ಪೆಟ್ಟಿಗೆ ಬರೆದಿಟ್ಟುಕೊಂಡಿದೆ. ಅಪ್ಪ ಮಾತಾಡಿದ ಕಡೆಯೆಲ್ಲ ಖಾಲಿ.

ಆದರೆ ದಿನಾ ಆರಕ್ಕೆ ತಾನಾಗಿ ಹಾಡುವ ಹಾಗೆ ನಾನು ಮಾಡಿಲ್ಲ. ಅಪ್ಪನಿಗೆ ಅದು ಬರುತ್ತಿರಲಿಲ್ಲ. ಮಳವಳ್ಳಿಯ ಅಂಗಡಿಗೆ ಹೋಗಿ ಅಜ್ಮತ್‌ನನ್ನು ಕೇಳು. ನಾವಿಬ್ಬರೂ ಸೇರಿಯೇ ಜೋಡಿಸಿದ್ದು.

ಅಲ್ಲಿಯವರೆಗೆ ಕಪಾಟಿನ ಕೆಳಗಿನ ಪ್ಲಗ್ಗು ಕಿತ್ತುಬಿಡು, ದನಿ ನಿಲ್ಲುತ್ತದೆ. ಕೀಳದಿದ್ದರೆ ಕೊನೆಯವರೆಗೆ ಮಾತ್ರ ಕೇಳಬೇಡ. ಬೇಡಿಕೊಳ್ಳುತ್ತೇನೆ.

ಪ್ರೀತಂ


ಬೆಳಕವಾಡಿ
5 ಜನವರಿ 2025

ಪ್ರೀತೂ,

ಕೇಳಬೇಡ ಅಂದರೆ ಕೇಳದೆ ಇರುವ ಹೆಂಗಸು ನಾನಲ್ಲ ಎಂದು ಗೊತ್ತಿದ್ದೂ ಬರೆದೆಯಲ್ಲ. ನಿನ್ನ ಕಾಗದ ಬಂದ ದಿನವೇ ಡೈರಿಯನ್ನು ನನ್ನ ಜೊತೆ ಹಾಲು ಅಳೆಯುವ ಪುಷ್ಪಾಳ ಮೇಲೆ ಬಿಟ್ಟು ಬಂದು ಸ್ಪೀಕರಿನ ಪಕ್ಕ ಕೂತೆ.

"ಅಪ್ಪಾ, ನಡುಮನೇಲಿ ಕೇಳುಸ್ತಾ?" ಆಮೇಲೆ ಸುಮ್ಮನೆ. "ಎಡಗಡೆದು ಮಾತಾಡ್ತಾ ಅದಾ?" ಮತ್ತೆ ಸುಮ್ಮನೆ. "ಬಲಗಡೆದು? ಇಲ್ವಾ? ವಯರು ಸಾಲ್ದು ಕಣಪ್ಪಾ. ಅಜ್ಮತ್ ಗಾಡಿ ತಕ್ಕಂಡ್ ಮಳವಳ್ಳಿಗೆ ಓಗಿ ತತ್ತೀನಿ. ಓಗ್ ಬರ್ಲಾ?" ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಟಪ್ ಎಂದು ನಿಲ್ಲುತ್ತದೆ.

ಅಂದರೆ ಅದು ಆ ಸಂಜೆ. ನೀನು ಹೊರಟ ಸಂಜೆ, ಪಟ್ಟಲಮ್ಮನಿಗೆ ಗಾಡಿ ತಗುಲಿದ ಸಂಜೆ. ಒಂದು ಗೇಣು ವಯರಿಗೋಸ್ಕರ ಹೊರಟೆ ನೀನು.

ನನಗೆ ಅಳು ಬರಲಿಲ್ಲ ಪ್ರೀತೂ, ಮೈಯೆಲ್ಲ ಉರಿಯಿತು. ಮಾರನೆಯ ದಿನವೇ ಬಸ್ಸು ಹತ್ತಿ ಅಜ್ಮತ್ ಅಂಗಡಿಗೆ ಹೋದೆ. ಮೊದಲು ಟೀ ತರಿಸಿದ. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದ. ನೀನು ಒಳಗೆ ಹೋದ ಮೇಲೆ ನಿಮ್ಮಪ್ಪನೇ ಅವನನ್ನು ಕರೆಸಿ, ಪೆಟ್ಟಿಗೆಯಲ್ಲಿ ಇದನ್ನು ಹುಡುಕಿಸಿ, ದಿನಾ ಆರಕ್ಕೆ ಹಾಡುವ ಹಾಗೆ ಮಾಡಿಸಿಕೊಂಡರಂತೆ. "ಯಾಕೆ ಅಣ್ಣಾ ಅಂದೆ ಅಮ್ಮಾ. 'ಕೇಳ್ಬೇಕು ಕಣ್ಲಾ, ಅಷ್ಟೇಯ. ನಾಗರತ್ನಂಗೆ ಯೋಳ್ಬ್ಯಾಡ' ಅಂದ್ರು" ಎಂದ. ಹಬ್ಬಕ್ಕೆ ನಾನು ಮನೆಯಲ್ಲಿದ್ದರೆ ಸಂಜೆಯಾಗುವ ಮುಂಚೆ ಕಪಾಟಿನ ಸ್ವಿಚ್ಚು ಆರಿಸುತ್ತಿದ್ದರು. ಬಿಲ್ಲು ಜಾಸ್ತಿ ಬರ್ತದೆ ಅನ್ನುತ್ತಿದ್ದರು. ನಾನೂ ಪೆದ್ದಿಯ ಹಾಗೆ ಹೌದು ಅನ್ನುತ್ತಿದ್ದೆ.

ಎರಡು ವರ್ಷ ನಿನ್ನ ಹೆಸರು ಹೇಳಲು ನನಗೆ ಬಿಡಲಿಲ್ಲ. ನಾನು ಕೊಟ್ಟಿಗೆಯಲ್ಲಿ ನಿಂತು ಅಳುತ್ತಿದ್ದರೆ ಅವರು ನಿನ್ನ ದನಿಯನ್ನು ನಡುಮನೆಯಲ್ಲಿ ಇಟ್ಟುಕೊಂಡು ಒಬ್ಬರೇ ಕೇಳುತ್ತಿದ್ದರು. ಒಂದು ಸಂಜೆ, "ಬಾರೇ, ನೀನೂ ಕೇಳು" ಅಂದಿದ್ದರೆ ಏನಾಗುತ್ತಿತ್ತು? ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ನಾನು ಇಟ್ಟುಕೊಂಡಿದ್ದೇನೆ. ದೀಪ ಹಚ್ಚುವಾಗಲೂ ಬೈದುಕೊಂಡೇ ಹಚ್ಚುತ್ತೇನೆ.

ಇದರ ಮಧ್ಯೆ ದೊಡ್ಡಪ್ಪ ಬಂದು, ಮುಚ್ಚಿದ ಕೋಣೆಗೆ ಕರೆಂಟು ಇರಬಾರದು ಎಂದು ಫ್ಯೂಸು ಕಿತ್ತುಹಾಕಿದರು. ಆ ಸಂಜೆ ಆರು ಗಂಟೆಯಾಯಿತು, ಏನೂ ಬರಲಿಲ್ಲ. ಮನೆ ಹೇಗಾಯಿತೆಂದರೆ, ನಿಮ್ಮಪ್ಪನ ಹೆಣ ಎತ್ತಿದ ದಿನವೂ ಅಷ್ಟು ಖಾಲಿಯಾಗಿರಲಿಲ್ಲ. ಎರಡು ದಿನ ತಡೆದೆ. ಮೂರನೆಯ ದಿನ ಸ್ಟೂಲು ಹತ್ತಿ ಫ್ಯೂಸನ್ನು ನಾನೇ ಹಾಕಿದೆ. ದೊಡ್ಡಪ್ಪ, "ನೀನೂ ಅವನ ದಾರಿನೇ ಇಡ್ದೆ ಬುಡು" ಎಂದು ಮಾತು ಬಿಟ್ಟಿದ್ದಾರೆ. ಬಿಡಲಿ.

ಯಾಕೆ ಕೇಳುತ್ತಿದ್ದರು ಅವರು? ನಿನಗೆ ಏನಾದರೂ ಹೊಳೆಯುತ್ತದಾ?

ನಿನ್ನ ಅವ್ವ


ಮೈಸೂರು ಜೈಲು
16 ಫೆಬ್ರವರಿ 2025

ಅವ್ವಾ,

ತಡವಾಯಿತು. ಎಷ್ಟೋ ಸಲ ಬರೆದು ಹರಿದೆ.

ನನಗೆ ಹೊಳೆಯಿತು. ಅದು ಶಿಕ್ಷೆ. ನನಗೆ ಕೋರ್ಟು ಕೊಟ್ಟದ್ದು ಸಾಲದೆಂದು ಅಪ್ಪ ಮನೆಯಲ್ಲಿ ಇನ್ನೊಂದು ಕೋರ್ಟು ಇಟ್ಟುಕೊಂಡಿದ್ದರು. ಅವರು ಹಾಕಿಸಿದ ಹೊತ್ತು ನೋಡು. ಆರು ಗಂಟೆ, ನಾನು ಹೊರಟ ಹೊತ್ತು. ದಿನಾ ಅದೇ ಹೊತ್ತಿಗೆ ನನ್ನನ್ನು ಕರೆಸಿ ನಿಲ್ಲಿಸಿ, ನೋಡು, ಇವನೇ ಆ ಹೆಂಗಸನ್ನು ರಸ್ತೆಯಲ್ಲಿ ಬಿಟ್ಟು ಬಂದವನು, ಹೀಗೆ ನಗುನಗುತ್ತ ಹೊರಟಿದ್ದ ಎಂದು ನೋಡುತ್ತಿದ್ದರು. ನಿನ್ನನ್ನು ಕರೆಯದಿದ್ದದ್ದು ಅದಕ್ಕೇ. ನೀನಿದ್ದರೆ ನನ್ನ ಪರ ಮಾತಾಡುತ್ತಿದ್ದೆ.

ಕೊನೆಯಲ್ಲಿ ಖಾಲಿ ಇದೆಯಲ್ಲ, ಅಲ್ಲಿ ಅಪ್ಪ ಏನು ಹೇಳಿದ್ದರು ಎಂದು ನನಗೆ ಚೆನ್ನಾಗಿ ನೆನಪಿದೆ. "ಊಂ, ಮಳೆ ಬರೋ ಅಂಗದೆ, ಬಿರ್ನೆ ಓಗ್ ಬಾ" ಅಂದಿದ್ದರು. ನಾನು ಬೇಗಬೇಗ, ಬಿರ್ನೆ ಹೋದೆ. ಬಿರ್ನೆ ಬಂದೆ. ಇಲ್ಲಿ ಮಲಗಿದರೆ ಅದೇ ಕೇಳಿಸುತ್ತದೆ. ನಿನಗೆ ನಡುಮನೆಯಲ್ಲಿ ನನ್ನ ದನಿ ಕೇಳಿಸುವ ಹೊತ್ತಿಗೆ ನನಗೆ ಇಲ್ಲಿ ಅವರದು.

ಸಿಟ್ಟು ಇಳಿಸಿ ಹೋದರಾ ಎಂದು ಕೇಳಿದ್ದೆ. ಉತ್ತರ ಸಿಕ್ಕಿತು, ಬಿಡು. ಏಪ್ರಿಲ್‌ನಲ್ಲಿ ಬಾಗಿಲು ತೆಗೆದ ದಿನ ಅಜ್ಮತ್‌ನನ್ನು ಕರೆಸಿ ಅದನ್ನು ಅಳಿಸಿಬಿಡು. ಪೆಟ್ಟಿಗೆ ಅವನೇ ಇಟ್ಟುಕೊಳ್ಳಲಿ. ಈ ಒಂದು ಮಾತು ನಡೆಸಿಕೊಡು ಅವ್ವ. ನಾನು ಆ ಮನೆಗೆ ಬಂದರೆ ಆ ದನಿ ಅಲ್ಲಿ ಇರಬಾರದು. ಇದ್ದರೆ ನಾನು ಬರುವುದಿಲ್ಲ.

ಪ್ರೀತಂ


ಬೆಳಕವಾಡಿ
20 ಏಪ್ರಿಲ್ 2025

ಪ್ರೀತೂ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ನನಗೆ ನೀನು ಬರೆದದ್ದೇ ಸರಿ ಅನ್ನಿಸಿತ್ತು. ಆ ಮನುಷ್ಯ ಹಾಗೇ. ಒಂದು ಸಲ ಬ್ರೇಕು ಒತ್ತಿದರೆ ಒತ್ತಿದ್ದೇ.

ಹೋದ ವಾರ ಮುಳ್ಳು ತೆಗೆದರು. ಐನೋರು ಬಂದು ಶಾಂತಿ ಮಾಡಿದರು. ದೊಡ್ಡಪ್ಪನೂ ಬಂದರು, ಮುಖ ಊದಿಸಿಕೊಂಡೇ ಬೀಗ ತೆಗೆದರು. ಒಳಗೆ ಧೂಳು, ಜೇಡರ ಬಲೆ. ಹಾಸಿಗೆಯಲ್ಲಿ ಅವರು ಮಲಗಿದ್ದ ತಗ್ಗು ಹಾಗೇ ಇತ್ತು. ಮೂಲೆಯಲ್ಲಿ ನಿನ್ನ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಅದನ್ನು ನೋಡಿ ದೊಡ್ಡವ್ವ ಹೊಸ್ತಿಲು ದಾಟಲಿಲ್ಲ.

ಎಲ್ಲ ತೊಳೆದು ಬಳಿದ ಮೇಲೆ, ಮೊನ್ನೆ ಶುಕ್ರವಾರ, ಅಜ್ಮತ್‌ನನ್ನು ಕರೆಸಿದೆ. ನೀನು ಹೇಳಿದ ಹಾಗೇ ಮಾಡಿಬಿಡೋಣ ಎಂದೇ ಕರೆಸಿದ್ದು. ಕೊನೆಗೆ ಒಂದು ಸಲ ಕೇಳಿಬಿಡುತ್ತೇನೆ, ಆಮೇಲೆ ಅಳಿಸು ಎಂದೆ. ಅವನು ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಯ ಮುಂದೆ ಕೂತ. ನಾನು ನಡುಮನೆಯಲ್ಲಿ ಕೂತೆ.

ಆರಾಯಿತು. ನೀನು ಬಂದೆ. ಎಡಗಡೆಯದನ್ನು ಕೇಳಿದೆ, ಬಲಗಡೆಯದನ್ನು ಕೇಳಿದೆ. "ಓಗ್ ಬರ್ಲಾ?" ಅಂದೆ. ಇದೇ ಕೊನೆ ಎಂದು ನನಗೆ ಗೊತ್ತಿತ್ತಲ್ಲ, ತಡೆಯಲಾಗಲಿಲ್ಲ. "ಬ್ಯಾಡ ಕಣಪ್ಪಾ, ಓಗ್ಬ್ಯಾಡ" ಎಂದು ಕೂಗಿದೆ.

ಪಕ್ಕದ ಮನೆಯ ಬೆಟ್ಟಮ್ಮ ಮಜ್ಜಿಗೆಗೆಂದು ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಗೌರಿ ಹಬ್ಬ ಕಳೆದ ಮೇಲೆ ಮಗಳ ಬಾಣಂತನಕ್ಕೆ ಮದ್ದೂರಿಗೆ ಹೋಗಿದ್ದವಳು, ನಿಮ್ಮಪ್ಪ ಹೋದಾಗ ಊರಲ್ಲಿ ಇರಲಿಲ್ಲ. ಈಗ ಯುಗಾದಿಗೆ ಬಂದಳು. ನಿನಗೆ ಅವಳ ಬಾಯಿಯ ಮಾತನ್ನೇ ಬರೆಯುತ್ತೇನೆ, ಒಂದಕ್ಷರ ಬಿಡದೆ.

"ಇದೇನ್ ನಾಗೂ, ನೀನೂ ನಿನ್ ಗಂಡ ಪುಟ್ರಾಜನಂಗೇ ಅಂತಿದ್ದೀಯಲ್ಲ? ನೀನ್ ಡೈರಿಗೆ ಓದ್ಮ್ಯಾಕೆ ಅವ್ನೂ ದಿನಾ ಇದೇ ಒತ್ಗೆ ಕೂಗೋನು. 'ಬ್ಯಾಡ ಕಣ್ಲಾ ಪ್ರೀತೂ, ಇವತ್ತೊಂದಿನ ಓಗ್ಬ್ಯಾಡ ಕಣ್ಲಾ, ವಯರು ನಾಳಿಕ್ ತಂದ್ರಾಯ್ತದೆ.' ಗ್ವಾಡೆ ಆಚೀಗೂ ಕೇಳುಸ್ತಿತ್ತು. ಮಗ ಜೈಲಿಂದ ಫೋನ್ ಮಾಡ್ತಾನೇನೋ ಅಂದ್ಕಂಡಿದ್ದೆ. ಜೈಲ್ನಾಗಿರೋನು ಎಲ್ಲಿಗ್ ಓದಾನು, ಇವ್ನಿಗೇನ್ ತಲೆ ಕೆಟ್ಟದಾ ಅಂತ ನಾನೊಬ್ಳೇ ನಗ್ತಿದ್ದೆ. ಕ್ವಾಪದಾಗಲ್ಲ ಕಣೇ. ಕೈ ಮುಗ್ದು ಬೇಡ್ಕಳೋರಂಗೆ ಯೋಳೋನು."

ದಿನಾನಾ ಎಂದು ಕೇಳಿದೆ. "ದಿನಾನೂವೆ" ಅಂದಳು.

ನೀನು ಶಿಕ್ಷೆ ಅಂದೆಯಲ್ಲ ಪ್ರೀತೂ. ಶಿಕ್ಷೆ ಹೌದು, ನಿನಗಲ್ಲ. ಬೇಗ ಹೋಗಿ ಬಾ ಅಂದ ಬಾಯಿಗೆ ಅವರು ಕೊಟ್ಟುಕೊಂಡದ್ದು. ದಿನಾ ಸಂಜೆ ಆ ಸ್ಪೀಕರಿನ ಮುಂದೆ ಕೂತು ನೀನು ಹೋಗದ ಹಾಗೆ ತಡೆಯುತ್ತಿದ್ದರು ಆ ಮನುಷ್ಯ. ಹೆಸರು ಹಿಡಿದು ಕರೆಯುತ್ತಿದ್ದರು, ನನಗೆ ಹೇಳಲು ಬಿಡದ ಹೆಸರನ್ನು. ಆ ದನಿಯ ಹುಡುಗ ಇನ್ನೂ ಹೊರಟಿರಲಿಲ್ಲವಲ್ಲ. ಅವನಿಗಾದರೂ ಹೇಳಿದರೆ ಕೇಳಿಯಾನು ಅಂದುಕೊಂಡಿದ್ದರೋ ಏನೋ.

ನನ್ನ ಸಿಟ್ಟು ಪೂರಾ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ನಿನ್ನೆ ಅವರ ಸಮಾಧಿಗೆ ಹೋಗಿ ನೀರು ಬಿಟ್ಟು ಬಂದೆ. ಬೈಯಲಿಲ್ಲ.

ಅಜ್ಮತ್ ಹಿಂದಿನ ಕೋಣೆಯಿಂದ, "ಅಳಿಸ್ಬಿಡ್ಲಾ ಅಮ್ಮಾ?" ಎಂದು ಕೇಳಿದ. ಬೇಡ ಎಂದೆ. ನಿನ್ನ ಮಾತು ನಡೆಸಿಕೊಡಲಿಲ್ಲ, ಬೈದುಕೋ. ನೀನು ಬರುವ ದಿನ ನಿನ್ನ ಕೈಯಾರೆ ಅಳಿಸು, ಆಗ ನಾನು ತಡೆಯುವುದಿಲ್ಲ. ಅಲ್ಲಿಯವರೆಗೆ ಡೈರಿಯ ಸಂಜೆ ಕೆಲಸವನ್ನು ಪುಷ್ಪಾಳಿಗೆ ಬಿಟ್ಟುಕೊಟ್ಟಿದ್ದೇನೆ. ಆ ಹೊತ್ತಿಗೆ ನಿನಗೆ ಬೇಡ ಅನ್ನುವುದಕ್ಕೆ ಮನೆಯಲ್ಲಿ ಒಬ್ಬರಾದರೂ ಇರಬೇಕು.

ನಿನ್ನ ಅವ್ವ,
ನಾಗರತ್ನ